ಒಂದೇ ಉಸಿರಿನ ಎರಡು ಹೆಸರು

ನಮ್ಮ ಮನೆಯ ರೇಡಿಯೋಕ್ಕೆ ಅವ್ವ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಒಂದು ಕುಪ್ಪಸ ಹೊಲಿದಿದ್ದಳು. ಅದಕ್ಕೆ ನೆಗಡಿಯಾದೀತೆಂಬ ಕಾಳಜಿಯೋ, ನೆರೆಯವರ ಕಣ್ಣು ಬಿದ್ದೀತೆಂಬ ಅಂಜಿಕೆಯೋ, ನಾನು ಕೇಳಲಿಲ್ಲ. ಎಪ್ಪತ್ತರ ದಶಕದ ಕೊನೆಯ ಆಳಂದದಲ್ಲಿ ರೇಡಿಯೋ ಮನೆಯ ಹಿರಿಯನಿದ್ದಂತೆ. ಅದು ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಆ ಹಿರಿಯನ ಬಾಯಿಂದ ನಮ್ಮದೇ ಹೆಸರು ಕೇಳಬೇಕೆಂಬ ಹುಚ್ಚೊಂದಿತ್ತು ಗೆಳೆಯರೇ, ಅದರ ರುಚಿಯನ್ನು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ.

ಮೆಚ್ಚಿನ ಹಾಡು ಕೋರಿ ಕಾರ್ಡು ಬರೆಯುವ ನಾವು ಹದಿನಾಲ್ಕು ಮಂದಿ, ಶಾಂತಪ್ಪ ಕಾಕಾ ಅವರ ಗಡಿಯಾರ ರಿಪೇರಿ ಅಂಗಡಿಯಲ್ಲಿ ಪ್ರತಿ ರವಿವಾರ ಸೇರುತ್ತಿದ್ದೆವು. ಒಂದು ಕಾರ್ಡು, ಒಂದು ಹಾಡು, ಕೆಳಗೆ ಎಲ್ಲರ ಹೆಸರು. ನಿಜ ಹೇಳಬೇಕೆಂದರೆ ಹಾಡಿಗಿಂತ ಹೆಸರುಗಳ ಸಾಲಿಗೇ ನಮ್ಮ ಕಿವಿ. ಬರೆಯುವವರು ಕಾಕಾ, ಆ ಸಾಲಿಗೆ ಅವರದೇ ಒಂದು ಪದ್ಧತಿ. ಗಂಡ ಹೆಂಡತಿ ಪಕ್ಕಪಕ್ಕ, ಅಣ್ಣ ತಮ್ಮಂದಿರು ಪಕ್ಕಪಕ್ಕ, ಜಗಳಾಡಿಕೊಂಡವರ ನಡುವೆ ನಾಲ್ಕು ಹೆಸರಿನ ಗೋಡೆ. ಶಾಲೆಯ ಮಾಸ್ತರನಾದ ಮಹಾಂತೇಶನ, ಅಂದರೆ ನನ್ನ, ಪಕ್ಕದಲ್ಲಿ ಯಾವಾಗಲೂ ಸಿದ್ಧರಾಮ. ಅಫಜಲಪುರದಿಂದ ಬಂದು ನಮ್ಮೂರಲ್ಲಿ ಟೈಪಿಂಗ್ ಕಲಿಸುತ್ತಿದ್ದವನು.

ನಾನು ಅವನನ್ನು ಪ್ರೀತಿಸುತ್ತಿದ್ದೆ, ಅವನೂ ನನ್ನನ್ನು. ಗಂಡಿಗೆ ಗಂಡಿನ ಮೇಲೆ ಮೂಡುವ ಈ ಪ್ರೀತಿಯನ್ನು ಏನೆಂದು ಕರೆಯಬೇಕೆಂಬುದು ಆಗ ನಮಗೆ ಗೊತ್ತಿರಲಿಲ್ಲ. ಕಾಕಾಗೆ ಗೊತ್ತಿತ್ತೋ ಏನೋ. "ಕೂಡಿ ಕೇಳಾವ್ರ ಹೆಸರ ಕೂಡೇ ಬರಬೇಕ್ರಿ ಮಾಸ್ತರ" ಎಂದಿದ್ದರು ಒಮ್ಮೆ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ. ಸುತ್ತ ಕೂತ ಯಾರೂ ನಗಲಿಲ್ಲ, ಒಬ್ಬರು ನಮ್ಮಿಬ್ಬರಿಗೂ ಚಹಾ ಹೇಳಿದರು. ಬಾ, ಕೂತುಕೋ, ಇದು ನಿನ್ನದೇ ಜಾಗ ಎಂದು ಲೋಕ ಹೇಳುವುದು ಹೀಗೆ ಮೆತ್ತಗೆ. ಪೆಟ್ಟು ಬೀಳುವುದನ್ನೇ ಕಾದು ಕೂತವನಿಗೆ ಅದು ಕೇಳಿಸುವುದಿಲ್ಲ.

ಕಿಣ್ಣಿ ಸುಲ್ತಾನವೆಂಬ ಊರಿನಿಂದ ಬಂದ ಅಕ್ಕನ ಗಂಡ ಒಂದು ದಿನ ಊಟದ ನಡುವೆ ಚೇಷ್ಟೆ ಮಾಡಿದ: "ಏನಪಾ ಮಾಸ್ತರ, ರೇಡಿಯೋದಾಗ ಆ ಸಿದ್ಧರಾಮ ನಿನ್ನ ಬಿಟ್ಟು ಬರೂದೇ ಇಲ್ಲಲ್ಲೋ! ಲಗ್ನಪತ್ರಿಕಿ ಓದಿದಂಗ ಆಗ್ತದ ನೋಡು." ಎಲ್ಲರೂ ನಕ್ಕರು, ರೊಟ್ಟಿ ಮುರಿದರು, ಮರೆತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನೊಬ್ಬನೇ.

ಮುಂದಿನ ರವಿವಾರ ಬೇಗ ಹೋಗಿ, ಕಾರ್ಡು ನಾನೇ ಬರೆಯುತ್ತೇನೆಂದೆ. ಮೊದಲಿಗೆ ನನ್ನ ಹೆಸರು, ಕಟ್ಟಕಡೆಗೆ ಸಿದ್ಧರಾಮನದು. ಕಾಕಾ ಓದಿದರು. "ಹಿಂಗೇ ಹಾಕಲೇನ್ರಿ?" ಎಂದರು. ಹಾಕ್ರಿ ಎಂದೆ.

ಹೊತ್ತು ಸಾಲದಿದ್ದರೆ ರೇಡಿಯೋದಲ್ಲಿ ಓದುವಾಕೆ ಹೆಸರಿನ ಸಾಲನ್ನು ನಡುವೆಯೇ ಕತ್ತರಿಸುತ್ತಾಳೆಂಬುದು ನನಗೆ ಹೊಳೆದೇ ಇರಲಿಲ್ಲ. ಎಲ್ಲರೂ ಅಂಗಡಿಯಲ್ಲಿ ಕೂತು ಕೇಳುತ್ತಿರುವಾಗ ಆ ಕಾರ್ಡು ಬಂದ ದಿನ, ಹತ್ತನೆಯ ಹೆಸರಿಗೆ "ಹಾಗೂ ಗೆಳೆಯರು" ಎಂದು ಹಾಡು ಹಚ್ಚಿಬಿಟ್ಟಳು. ನನ್ನ ಎದುರಿಗೇ ಕೂತಿದ್ದ ಸಿದ್ಧರಾಮ ಹಾಡು ಮುಗಿಯುವ ತನಕ ನೆಲ ನೋಡಿದ. ಆಮೇಲೆ ಕೇಳಿದ, "ಈ ಸಲ ಕಾರ್ಡ ಯಾರ ಬರದಿದ್ರು ಕಾಕಾ?"

"ನಾನೇ ಬರದೀನಪಾ. ಕಣ್ಣ ಮಂಜ ಆಗ್ಯಾವ, ಹೆಸರಿನ ಸಾಲು ತಪ್ಪೇದ."

ಆ ಸುಳ್ಳು ನನಗಾಗಿ ಹೇಳಿದ್ದು. ಅಲ್ಲ ಕಾಕಾ, ನಾನು ಬರೆದದ್ದು ಎಂದಿದ್ದರೆ ಅವನು ಸಿಟ್ಟಾಗುತ್ತಿದ್ದ, ಜಗಳವಾಡುತ್ತಿದ್ದ, ಸಂಜೆಗೆ ಮತ್ತೆ ಬರುತ್ತಿದ್ದ. ಅವನು ನನ್ನ ಮುಖವನ್ನೊಮ್ಮೆ ನೋಡಿ ಎದ್ದು ಹೋದ. ಎರಡು ತಿಂಗಳಲ್ಲಿ ಜೇವರ್ಗಿಯಲ್ಲಿ ಕೆಲಸ ಹುಡುಕಿಕೊಂಡ. ಆಳಂದದಿಂದ ಜೇವರ್ಗಿ ಎಷ್ಟು ದೂರ ಹೇಳಿ? ಅರ್ಧ ದಿನದ ಹಾದಿಯೂ ಅಲ್ಲ. ನಾನು ಹೋಗಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಅವ್ವ ಜೋಳ ಹಸನು ಮಾಡುತ್ತಿದ್ದಳು. ಅಕ್ಕ ಭಾವ ಪಡಸಾಲೆಯಲ್ಲಿದ್ದರು. ರೇಡಿಯೋದಾಕೆ ಜೇವರ್ಗಿಯ ಕಾರ್ಡೊಂದನ್ನು ಓದಿದಳು. ಮೊದಲನೆಯ ಹೆಸರು ಸಿದ್ಧರಾಮ. ಅದಕ್ಕೆ ಅಂಟಿಕೊಂಡೇ, ಉಸಿರು ಬಿಡದೆ, ಆಳಂದದ ಮಹಾಂತೇಶ.

ನನ್ನ ಕೈ ತಾನಾಗಿ ಹೋಗಿ ದನಿ ಸಣ್ಣದು ಮಾಡಿತು.

"ಯಾಕೋ ಸಣ್ಣ ಮಾಡ್ದಿ? ನಿಂದೇ ಹೆಸರ ಬಂತಲ್ಲೋ" ಎಂದಳು ಅವ್ವ, ಖುಷಿಯಿಂದ.

"ನಂದಲ್ಲವ್ವ" ಎಂದೆ. "ಅಂವ ಬ್ಯಾರೆ ಮಹಾಂತೇಶ."