ವಿಭೂತಿ ಬಳಿದ ಕಂಪ್ಯೂಟರು

ನಮ್ಮ ಮನೆಯ ಮುಂದಿನ ರೂಮಿಗೆ ಕಾಲಿಟ್ಟರೆ ಮೂಗು ಮುಚ್ಚಿಕೋಬೇಕಿತ್ತು. ಸುಟ್ಟ ಪ್ಲಾಸ್ಟಿಕ್ಕು, ಹಳೇ ಸಾಂಬ್ರಾಣಿ, ಜಿರಲೆ ಪಿಕ್ಕೆ, ಮೂರೂ ಕಲಸಿದ ವಾಸನೆ. ಬರ್ತಿದ್ದದ್ದು ನನ್ನ ಮಗನ ಕಂಪ್ಯೂಟರಿನಿಂದ.

ಹೊಸೂರು ಪಕ್ಕದ ಅಲಸನತ್ತದ ಈ ಮನೆ ನನ್ನ ಗಂಡ ಕಟ್ಟಿಸಿದ್ದು. ಮುಂದಿನ ರೂಮು ಅಕ್ಕಿ ಮೂಟೆ, ಹಳೇ ಮಂಚ ಇಡೋಕೆ ಇತ್ತು. ಮಗ ಅದಕ್ಕೆ ಬೋರ್ಡು ಹಾಕಿ ಸ್ಟುಡಿಯೋ ಮಾಡಿದ. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲಿ ಜನ ಸೇರ್ತಾರೋ ಅಲ್ಲಿಗೆ ಕ್ಯಾಮೆರಾ ಹಿಡಿದು ಹೋಗೋದು ಅವನ ಕೆಲಸ. ಅವನು ಹಿಡಿದು ತಂದದ್ದನ್ನ ಕತ್ತರಿಸಿ, ಅಂಟಿಸಿ, ಹಾಡು ಕೂಡಿಸಿ, ಕಣ್ಣಿಟ್ಟು ನೋಡೋ ಹಾಗೆ ಮಾಡೋದು ಸೊಸೆ. ಬೋರ್ಡಿನ ಮೇಲೆ ಹೆಸರು ಅವನದು. ಕುರ್ಚಿಯಲ್ಲಿ ಕುಂಡಿ ಸವೆಸಿದ್ದು ಅವಳು.

ಅವಳು ರಾಯಕೋಟೆ ಕಡೆಯವಳು. ಮದುವೆಗೆ ಮುಂಚೆ ಹೊಸೂರಿನ ಒಂದು ಫ್ಯಾಕ್ಟರಿಗೆ ಕಂಪನಿ ಬಸ್ಸಲ್ಲಿ ಬಂದು ಹೋಗ್ತಿದ್ದಳು. ಎಡಿಟಿಂಗ್ ಯಾರೂ ಹೇಳಿಕೊಡಲಿಲ್ಲ, ಫೋನಲ್ಲಿ ನೋಡಿ ನೋಡಿ ಕಲಿತಳು. ನನ್ನದು ಮೂರನೇ ಕ್ಲಾಸು. ನಾನು ಬೋರ್ಡು ಓದಿ ಮುಗಿಸೋ ಹೊತ್ತಿಗೆ ಬಸ್ಸು ಹೊರಟುಹೋಗಿರುತ್ತೆ. ಆದರೆ ಒಂದು ಮಿಷನ್ನು ಸಾಯ್ತಾ ಇದೆ ಅಂತ ತಿಳಿಯೋಕೆ ಓದು ಬೇಕಾಗಿಲ್ಲ.

ಮಗ ಹೊಸ ಕ್ಯಾಮೆರಾ ತಂದ ಮೇಲೆ ಅದರ ವಿಡಿಯೋ ಈ ಕಂಪ್ಯೂಟರಿಗೆ ಭಾರ ಆಯಿತು. ಎತ್ತಿನ ಗಾಡಿಗೆ ಲಾರಿ ಲೋಡು ಹೇರಿದ ಹಾಗೆ. ಒಂದು ಕಡೆ ಕತ್ತರಿಸಿದರೆ ಪರದೆ ಹಂಗೇ ನಿಂತುಬಿಡೋದು. ಸೊಸೆ ಎದ್ದು ಬಂದು ಸೊಪ್ಪು ಸೋಸಿ, ಬೇಳೆ ಬೇಯೋಕೆ ಇಟ್ಟು ವಾಪಸು ಹೋದರೂ ಆ ಸಣ್ಣ ಚಕ್ರ ಸುತ್ತುತ್ತಲೇ ಇರೋದು. ಪೂರ್ತಿ ವಿಡಿಯೋ ಹೊರಗೆ ತೆಗೆಯೋಕೆ ಇಡೀ ಹಗಲು ಬೇಕು. ಮುಗಿಯೋ ಹೊತ್ತಿಗೆ ಆರಿಹೋದರೆ ಮತ್ತೆ ಮೊದಲಿಂದ.

ಇದಕ್ಕೆ ನನ್ನ ಮಗ ಕಂಡುಕೊಂಡ ಮದ್ದು ಪೂಜೆ. ಅದು ಅವನ ಮೊದಲನೇ ಕಂಪ್ಯೂಟರು. ಅದು ಬಂದ ಮೇಲೆ ಆರ್ಡರು ಬಂದವು, ಮದುವೆ ಕೂಡಿಬಂತು, ಆದ್ದರಿಂದ ಅದು ಲಕ್ಷ್ಮಿ. ಆಯುಧ ಪೂಜೆಗೆ ಲಾರಿಗೂ ಲೇತ್ ಮಿಷನ್ನಿಗೂ ವಿಭೂತಿ ಹಚ್ಚೋದು ನಮ್ಮ ಕಡೆ ಇದ್ದದ್ದೇ. ನಾನೂ ಕುಡುಗೋಲಿಗೆ ಕುಂಕುಮ ಇಟ್ಟವಳೇ. ಇವನಿಗೆ ವರ್ಷಕ್ಕೊಂದು ಸಲ ಸಾಲಲಿಲ್ಲ. ಪ್ರತಿ ಶುಕ್ರವಾರ ಆ ಡಬ್ಬಕ್ಕೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ತಲೆ ಮೇಲೆ ಹೆಚ್ಚಿದ ನಿಂಬೆಹಣ್ಣು. ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮಿಷನ್ನು ಯಾವ ತೂತಲ್ಲಿ ಗಾಳಿ ಎಳೆದುಕೊಳ್ಳುತ್ತೋ ಸರಿಯಾಗಿ ಅಲ್ಲಿಗೇ ಹಿಡಿಯೋದು. ಹೊಗೆ ಒಳಕ್ಕೆ ಹೋದರೆ ದೇವರು ಒಪ್ಪಿಕೊಂಡ ಅಂತ ಅವನ ನಂಬಿಕೆ.

"ನೋಡಮ್ಮ, ಹೆಂಗೆ ತಗೊತ್ತದೆ."

"ಬೀಡಿ ಸೇದೋ ಮುದುಕನೂ ಹಂಗೇ ತಗೊತ್ತಾನೆ ಕಣ್ಲಾ. ಆಮೇಲೆ ಕೆಮ್ಮಿ ಕೆಮ್ಮಿ ಸಾಯ್ತಾನೆ," ಅಂದೆ.

ಆ ಟೈಮಿಗೆ ಬಾಗಲೂರು ರೋಡಿನ ಒಂದು ಮನೆಯವರ ಆರ್ಡರು ಇತ್ತು. ಅವರ ಮಗಳು ದೊಡ್ಡೋಳಾದ ಫಂಕ್ಷನ್ನು. ನಮ್ಮ ಕಾಲದಲ್ಲಿ ಹುಡುಗೀನ ಒಂದು ಮೂಲೇಲಿ ಕೂಡಿಸಿ, ಹೆಂಗಸರು ಆರತಿ ಎತ್ತಿ, ಚಿಗಳಿ ತಿನ್ನಿಸಿ ಮುಗಿಸ್ತಿದ್ದರು. ಅದೂ ನನಗೆ ಹಿಡಿಸ್ತಿರಲಿಲ್ಲ, ಬಿಡಿ. ಈಗ ಅದಕ್ಕೆ ಕಲ್ಯಾಣ ಮಂಟಪ, ರೋಡಿಗೆಲ್ಲ ಕಾಣೋ ಹಾಗೆ ಆ ಮಗು ಮುಖದ ಫ್ಲೆಕ್ಸು. ವಿಡಿಯೋದಲ್ಲಿ ಅವಳು ಕಮಲದ ಹೂವಿನೊಳಗಿಂದ ಎದ್ದು ಬರಬೇಕಂತೆ, ಸುತ್ತ ಹಂಸ ಈಜಬೇಕಂತೆ. ಮೊನ್ನೆ ಮೊನ್ನೆ ಬೀದೀಲಿ ಕುಂಟೆಬಿಲ್ಲೆ ಆಡ್ತಿದ್ದ ಹುಡುಗಿ. ಇಡೀ ವಿಡಿಯೋದಲ್ಲಿ ಒಂದು ಕಡೇನೂ ಅವಳ ಮುಖದಲ್ಲಿ ನಗು ಇರಲಿಲ್ಲ. ಅದನ್ನ ಯಾರೂ ನೋಡಲಿಲ್ಲ, ಹೂವು ಸರಿಯಾಗಿ ಬಿಡ್ತದಾ ಅಂತ ಫೋನ್ ಮಾಡಿ ಕೇಳ್ತಿದ್ದರು.

ಹೂವು ಅರ್ಧ ಬಿಡೋದು, ಸಿಸ್ಟಮ್ಮು ನಿಲ್ಲೋದು. ಹಂಗೇ ಮತ್ತೆ ಮತ್ತೆ ಆದ ಮೇಲೆ ಸೊಸೆ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು.

"ಅತ್ತೆ, ಕೃಷ್ಣಗಿರೀಲಿ ಒಂದು ಸ್ಟುಡಿಯೋದೋರು ಕರೀತಾವ್ರೆ. ತಿಂಗಳ ಸಂಬಳಕ್ಕೆ. ಅವರತ್ರ ಹೊಸ ಸಿಸ್ಟಮ್ ಅದೆ."

"ಅವನಿಗೆ ಹೇಳಿದ್ಯಾ?"

"ಹೇಳಿದೆ. ಒಂದು ರ‍್ಯಾಮ್ ಹಾಕ್ಸಿದ್ರೆ ಓಡ್ತದೆ ಅಂದ್ರು. ವರ್ಷದಿಂದ ಅದನ್ನೇ ಅಂತಾವ್ರೆ. ಸರಿಯಾದ ಮಿಷನ್ ಕೊಟ್ರೆ ಇಲ್ಲೇ ಇರ್ತೀನಿ. ಇಲ್ದಿದ್ರೆ ಹೋಗ್ತೀನಿ. ನನ್ನ ಕಣ್ಣು, ನನ್ನ ಸೊಂಟ ಇನ್ನು ಇದಕ್ಕೆ ಕೊಡಲ್ಲ."

ಅಳಲಿಲ್ಲ, ಕೂಗಾಡಲಿಲ್ಲ. ಮುಂದೆ ಇದ್ದ ಈರುಳ್ಳಿ ಹೆಚ್ಚಿಟ್ಟು ಎದ್ದು ಹೋದಳು. ಅವಳು ಹೋದರೆ ಮಗನ ಸ್ಟುಡಿಯೋ ಮತ್ತೆ ಅಕ್ಕಿ ಮೂಟೆ ರೂಮು ಆಗುತ್ತೆ ಅಂತ ನನಗೆ ಗೊತ್ತಿತ್ತು. ಅವನಿಗೆ ಗೊತ್ತಾಗಲಿಲ್ಲ.

ನಾನು ಬೈದ ಮೇಲೆ ಮಗ ಜೂಜುವಾಡಿಯಿಂದ ಒಬ್ಬ ರಿಪೇರಿಯವನನ್ನ ಕರೆದುಕೊಂಡು ಬಂದ. ಅವನು ಡಬ್ಬದ ಪಕ್ಕದ ತಗಡು ಬಿಚ್ಚಿದ. ನಾನು ಕೊಟ್ಟಿಗೆ ಬಾಚಿದವಳು, ಮೋರಿ ಬಾಚಿದವಳು, ಅವತ್ತು ನಾನೂ ಮೂಗಿಗೆ ಸೆರಗು ಹಿಡಿದೆ. ಸಾಂಬ್ರಾಣಿ ಜಿಡ್ಡಿಗೆ ಧೂಳು ಹತ್ತಿ, ಕುಂಕುಮ ಕಲಸಿ, ಫ್ಯಾನಿನ ರೆಕ್ಕೆ ಮೇಲೆ ಕರೀ ಹಲ್ವದ ಹಾಗೆ ಕೂತಿತ್ತು. ಅದರೊಳಗೆ ಸತ್ತ ಜಿರಲೆ, ಹಲ್ಲಿ ಮೊಟ್ಟೆಯ ಸಿಪ್ಪೆ. ನಿಂಬೆಹಣ್ಣಿನ ರಸ ಇಳಿದು ಸ್ಕ್ರೂ ತುಕ್ಕು ಹಿಡಿದಿತ್ತು. ಫ್ಯಾನು ತಿರುಗೋಕೆ ಜಾಗವೇ ಇರಲಿಲ್ಲ, ಇನ್ನೆಲ್ಲಿ ತಣ್ಣಗಾಗುತ್ತೆ.

"ಪಾಟಿ, ಹೊರಗೆ ಕೋವಿಲು, ಒಳಗೆ ಸಾಕ್ಕಡೆ," ಅಂದ ರಿಪೇರಿಯವನು. ತಮಿಳಲ್ಲಿ ಪಾಟಿ ಅಂದರೆ ಅಜ್ಜಿ, ಕೋವಿಲು ಅಂದರೆ ಗುಡಿ, ಸಾಕ್ಕಡೆ ಅಂದರೆ ಮೋರಿ. ತಾನು ಅಂದದ್ದಕ್ಕೆ ತಾನೇ ನಕ್ಕು, ಆಮೇಲೆ ವ್ಯಾಪಾರಕ್ಕೆ ಇಳಿದ. ಫ್ಯಾನು ಒರೆಸಿದರೂ ಇದು ಹೊಸ ಕ್ಯಾಮೆರಾಗೆ ಆಗಲ್ಲ. ಒಳಗಿರೋ ಈ ಮದರ್ ಬೋರ್ಡಿಗೆ ಹೊಸ ಪ್ರೊಸೆಸರ್ ಕೂರಲ್ಲ, ಬೋರ್ಡೂ ಹೊಸದು ಬೇಕು. ಬೋರ್ಡು ಬದಲಾದರೆ ಹಳೇ ರ‍್ಯಾಮ್ ಕೂರಲ್ಲ. ಗ್ರಾಫಿಕ್ಸ್ ಕಾರ್ಡು ಬೆಂದುಹೋಗಿದೆ. ಇಷ್ಟಕ್ಕೆಲ್ಲ ಕರೆಂಟು ಕೊಡೋಕೆ ಹಳೇ ಪವರ್ ಸಪ್ಲೈ ಸಾಲದು.

"ಇನ್ನು ಮಿಕ್ಕೋದೇನಪ್ಪ?" ಅಂತ ಕೇಳಿದೆ.

"ಡಬ್ಬ ಮಿಗ್ತದೆ ಪಾಟಿ."

ಮಗನ ಮುಖ ಅರಳಿತು. "ಅಷ್ಟು ಸಾಕು. ಡಬ್ಬ ಇದೇ ಇರ್ಲಿ. ನಮ್ಮ ಕೈ ಹಿಡಿದಿರೋದು ಅದೇ."

"ಹಂಗಾದ್ರೆ ಇಷ್ಟು ದಿನ ನೀನು ಮಂಗಳಾರತಿ ಎತ್ತಿದ್ದು ತಗಡಿಗೆ ಏನ್ಲಾ?"

"ನಿಂಗೊತ್ತಾಗಲ್ಲ, ಸುಮ್ಕಿರಮ್ಮ."

ಸೊಸೆ ಬಾಗಿಲಲ್ಲಿ ನಿಂತು ಕೇಳ್ತಿದ್ದಳು. "ಒಳಗಿಂದು ಎಲ್ಲಾ ಹೊಸದು ಆಗೋದಾದ್ರೆ ಡಬ್ಬ ಯಾವುದಾದ್ರೂ ನಂಗೇನು," ಅಂದಳು. "ಆದ್ರೆ ಇನ್ಮೇಲೆ ಇದರತ್ರ ಕೆಂಡ ತರಬಾರ್ದು. ಒಂದು ಊದಿನಕಡ್ಡಿ ಹೊಗೆ ಕೂಡ ಬೇಡ. ಅಷ್ಟು ಮಾತು ಕೊಡಿ, ಕೃಷ್ಣಗಿರಿಯೋರಿಗೆ ಬರಲ್ಲ ಅಂತೀನಿ."

"ಪೂಜೆ ಇಲ್ದೆ ಮಿಷನ್ ಹೆಂಗೆ ಓಡ್ತದೆ?"

"ಕರೆಂಟಲ್ಲಿ ಓಡ್ತದೆ ಅಣ್ಣ," ಅಂದ ರಿಪೇರಿಯವನು.

ಮಗ ನಗಲಿಲ್ಲ. ನೆಲ ನೋಡಿಕೊಂಡು "ಆಯ್ತು" ಅಂದ. ಅದು ಎಂಥ ಆಯ್ತು ಅಂತ ಹೆತ್ತವಳಿಗೆ ಗೊತ್ತಾಗದೆ ಇರುತ್ತಾ.

ಹೊಸ ಸಾಮಾನು ಕೂರಿಸಿದ ಮೇಲೆ ಕಂಪ್ಯೂಟರು ಕುದುರೆ ಹಾಗೆ ಓಡಿತು. ಕಮಲ ಒಂದೇ ಸಲಕ್ಕೆ ಬಿಟ್ಟಿತು, ಹಂಸ ಈಜಿದವು. ಸೊಸೆ ಆ ವಿಡಿಯೋನ ಪೆನ್ ಡ್ರೈವಿಗೆ ಹಾಕಿ ಅವರ ಮನೆಗೆ ಕೊಡೋಕೆ ಹೋದಳು. ಅವತ್ತು ಶುಕ್ರವಾರ. ಅವಳು ಗೇಟು ದಾಟಿದ್ದೇ ಇವನು ಅಡುಗೆಮನೆಗೆ ಬಂದು ಗ್ಯಾಸಿನ ಮೇಲೆ ಇದ್ದಿಲು ಇಟ್ಟ.

"ಮಾತು ಕೊಟ್ಟಿದ್ದೀಯ," ಅಂದೆ.

"ಹೊಸ ಬೋರ್ಡಿಗೆ ಒಂದು ಪೂಜೆನೂ ಇಲ್ದೆ ಇದ್ರೆ ಹೆಂಗಮ್ಮ. ಒಂದೇ ಸಲ. ಅವಳು ಬರೋದ್ರೊಳಗೆ ಆಗೋಗ್ತದೆ."

ಕದ್ದು ತಿನ್ನೋ ಮಕ್ಕಳು ಇರ್ತಾರೆ. ಕದ್ದು ಪೂಜೆ ಮಾಡೋ ಗಂಡಸನ್ನ ನಾನು ಹೆತ್ತೆ.

ಸೊಸೆ ಅರ್ಧ ದಾರಿಯಿಂದ ವಾಪಸು ಬಂದಳು, ಫೋನು ಮರೆತಿದ್ದಳು. ಬಾಗಿಲು ತೆಗೆದರೆ ರೂಮು ತುಂಬ ಹೊಗೆ. ಇವನು ಕುಕ್ಕರಗಾಲಲ್ಲಿ ಕೂತು ಡಬ್ಬದ ತೂತಿಗೆ ಧೂಪ ಹಿಡಿದಿದ್ದ. ಹೊಸ ಫ್ಯಾನು, ಚೆನ್ನಾಗಿ ಎಳೀತಿತ್ತು. ಅವಳು ಟೇಬಲ್ ಮೇಲಿನ ಫೋನು ತಗೊಂಡು, ಅಲ್ಲೇ ನಿಂತು ಕೃಷ್ಣಗಿರಿಯೋರ ನಂಬರ್ ಒತ್ತಿ, "ಸೋಮವಾರದಿಂದ ಬರ್ತೀನಿ ಸಾರ್," ಅಂದಳು.

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದಳು, ಸಂಜೆಗೆ ಮನೆಗೆ ವಾಪಸು, ದಿನಾ ಹಂಗೇ. ತಡೀಬೇಕು ಅಂತ ನನಗೆ ಅನ್ನಿಸಲಿಲ್ಲ.

ಆಮೇಲೆ ಬಂದ ಒಂದು ಮದುವೆಯನ್ನ ಮಗ ತಾನೇ ಎಡಿಟ್ ಮಾಡೋಕೆ ಕೂತ. ಪರದೇಲಿ ಹೆಣ್ಣಿನ ತಾಯಿ ತಲೆ ಅರ್ಧ ಕತ್ತರಿಸಿಹೋಯಿತು. ತಾಳಿ ಕಟ್ಟೋ ಮೊದಲೇ ಗಟ್ಟಿಮೇಳ ಬಂತು, ಕಟ್ಟೋವಾಗ ಯಾರೋ ಊಟದ ಮನೇಲಿ ಸಾಂಬಾರ್ ಸಾಂಬಾರ್ ಅಂತ ಕೂಗೋದು ಕೇಳ್ತಿತ್ತು. ಮದುವೆಯವರು ಮನೆ ಬಾಗಿಲಿಗೆ ಬಂದು ತೆಲುಗಲ್ಲಿ ಬೈದರು, ಸಾಲದೆ ತಮಿಳಲ್ಲೂ ಬೈದರು. ಹೋಗೋವಾಗ, ನಮ್ಮ ದೊಡ್ಡ ಮಗಳ ಮದುವೆ ವಿಡಿಯೋ ಮಾಡಿದವರ ಕೈಲೇ ಇದನ್ನೂ ಮಾಡಿಸು, ಇಲ್ಲದಿದ್ದರೆ ಬೇಡ ಅಂದರು. ಅದನ್ನ ಮಾಡಿದ್ದವಳು ಸೊಸೆ.

ಇವನು ಹಾರ್ಡ್ ಡಿಸ್ಕು ಚೀಲಕ್ಕೆ ಹಾಕಿಕೊಂಡು ಕೃಷ್ಣಗಿರಿಗೆ ಹೋದ. ಅಲ್ಲಿನ ಸ್ಟುಡಿಯೋದಲ್ಲಿ ಇವನನ್ನ ಹೊರಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂಡಿಸಿದರಂತೆ. ಗಾಜಿನ ಆ ಕಡೆ ಸ್ವಂತ ಹೆಂಡತಿ. ಮೇಡಂಗೆ ಕೈ ಬಿಡುವಾಗಲಿ, ನಿಮ್ಮ ಸರದಿ ಬಂದಾಗ ಹೇಳ್ತೀವಿ ಅಂದರಂತೆ. ಡಿಸ್ಕು ಅಲ್ಲೇ ಕೊಟ್ಟು ಬಂದ.

ಸಂಜೆ ಮೂವರೂ ಊಟಕ್ಕೆ ಕೂತೆವು.

"ನಮ್ಮದನ್ನ ಸ್ವಲ್ಪ ಮೊದಲು ತಗೊಳ್ಳೇ," ಅಂದ ಮಗ, ಮುದ್ದೆ ಮುರೀತಾ.

"ಅಂಗಡಿ ಮಾತು ಅಂಗಡೀಲಿ ಆಡಿ," ಅಂದಳು ಸೊಸೆ. "ಸಾರು ಹಾಕಲಾ?"

ಎದ್ದು ಹೋಗ್ತಾನೇನೋ ಅಂತ ನೋಡಿದೆ. ತಟ್ಟೆ ಬಿಟ್ಟು ಏಳೋಷ್ಟು ರೋಷ ಇದ್ದಿದ್ದರೆ ಕೊಟ್ಟ ಮಾತು ಉಳಿಸಿಕೊಳ್ಳೋ ರೋಷವೂ ಇರ್ತಿತ್ತು. ತಟ್ಟೆ ಮುಂದಕ್ಕೆ ತಳ್ಳಿ, ಕಾಳು ಜಾಸ್ತಿ ಬರಲಿ ಅಂದ.