ತಕರಾರಿನ ಕಾಲಂ

ಸಾಂಗಲಿಯ ಕಾಲೇಜು, ಮಿರಜದ ಕಾಲೇಜು ಎರಡೂ ಒಂದೇ ಸಂಸ್ಥೆಯವು. ಅವನ್ನು ಕೂಡಿಸಿ ಒಂದು ಮಾಡಿದ ವರ್ಷ ನಮ್ಮ ರಾಜ್ಯಶಾಸ್ತ್ರ ವಿಭಾಗಕ್ಕೆ ಗೋಡೆ ಗಡಿಯಾರ ಎರಡಾದವು, ಕಪಾಟು ನಾಲ್ಕಾದವು, ಮಾಸ್ತರರಲ್ಲಿ ಒಬ್ಬರು ಹೆಚ್ಚಾದರು. ಆ ಹೆಚ್ಚಾದವನು ನಾನೇ ಎಂದು ಮೂರು ತಿಂಗಳು ನಂಬಿದ್ದೆ. ಸೇವಾ ಹಿರಿತನದ ಪಟ್ಟಿಯಲ್ಲಿ ನಾನು ಮೇಲಿನಿಂದ ಎರಡನೆಯವನು ಎಂದು ಕಾರಕೂನ ತೋರಿಸಿದ. ಪಟ್ಟಿಯನ್ನು ಕೆಳಗಿನಿಂದ ಓದುವ ಪದ್ಧತಿ ಇದ್ದರೆ ಹೇಗೆ ಎಂಬ ಚಿಂತೆ ಆಮೇಲೂ ಹೋಗಲಿಲ್ಲ.

ಹೆಚ್ಚಾದವರು ಸಾಂಗಲಿ ಕಡೆಯಿಂದ ಬಂದ ಮೇಡಂ. ನನಗಿಂತ ಬಹಳ ಸಣ್ಣವರು, ಪೇಟೆಯಲ್ಲಿ ಅರಿಷಿಣದ ವ್ಯಾಪಾರ ಮಾಡುವ ಲಿಂಗಾಯತರ ಮನೆಯ ಮಗಳು. ಒಂದು ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ, "ಮತ್ತ ಉಪ್ಪ ಹಾಕೂದು ಮರತೇನಿ" ಎಂದು ನನ್ನಷ್ಟಕ್ಕೇ ಗೊಣಗಿದೆ. ಎದುರಿನಿಂದ ಉಪ್ಪಿನಕಾಯಿ ಬಾಟಲಿ ನನ್ನ ಕಡೆಗೆ ಸರಿದು ಬಂತು.

"ಸರ್, ನಿಮಗ ಕನ್ನಡ ಬರತೈತೇನ್ರಿ? ಇಷ್ಟ ದಿನಾ ಮರಾಠಿ ಮಾತಾಡಿ ನನ್ನ ದಣಿಸಿದ್ರಲ್ರಿ."

ಅವರ ಕನ್ನಡ ನಾಲ್ಕು ಮಾತಿಗೊಮ್ಮೆ ಮರಾಠಿಗೆ ಹೊರಳುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು. ಹಿಂದಿನ ಚಳಿಗಾಲ ಅವ್ವ ತೀರಿಕೊಂಡ ಮೇಲೆ ಮಿರಜದ ನಮ್ಮ ಮನೆಯಲ್ಲಿ ಕನ್ನಡ ಆಡುವವನು ನಾನೊಬ್ಬನೇ. ಮದುವೆಯ ವಿಚಾರ ಮಾಡುತ್ತ ಮಾಡುತ್ತ ವಯಸ್ಸು ದಾಟಿಸಿದವನು. ಸಂಜೆ ಕೀಲಿ ತೆಗೆಯುವಾಗ, "ಬಂದೇನಿ" ಎನ್ನುವ ರೂಢಿ ಮಾತ್ರ ಬಿಟ್ಟಿರಲಿಲ್ಲ.

ಮೇಡಂ ಸಾರ್ವಜನಿಕ ನೀತಿಯಲ್ಲಿ ಹೊಸ ಎಂ.ಎ. ತೆರೆಯುವ ಪ್ರಸ್ತಾವ ಬರೆದಿದ್ದರು. ಅದು ಪಾಸಾದರೆ ಅವರು ಇಲ್ಲೇ ಉಳಿಯುತ್ತಾರೆ. ಇಲ್ಲದಿದ್ದರೆ ಜತ್ತದ ಕಡೆ ಇರುವ ಸಂಸ್ಥೆಯ ಇನ್ನೊಂದು ಕಾಲೇಜಿಗೆ ವರ್ಗ. ಪ್ರಸ್ತಾವ ಪರೀಕ್ಷಿಸಲು ಸಂಸ್ಥೆ ಇಬ್ಬರನ್ನು ನೇಮಿಸಿತು. ಒಬ್ಬರು ಹೊರಗಿನ ಹಿರಿಯರು. ನಾನು ಸಹಿ ಹಾಕಿದ ಕೆಳಗೇ ತಾವೂ ಹಾಕುವುದಾಗಿ ಮೊದಲ ದಿನವೇ ಫೋನಿನಲ್ಲಿ ಹೇಳಿಬಿಟ್ಟರು. ಇನ್ನೊಬ್ಬ ನಾನು.

ಪಠ್ಯಕ್ರಮ ಚೆನ್ನಾಗಿತ್ತು. ಗ್ರಂಥಾಲಯದ ಕೊರತೆ ಮುಚ್ಚಲು ಆ ನಾಲ್ಕು ಕಪಾಟು ಸಾಕು. ಕೊನೆಗೆ ಇದ್ದದ್ದು ಕ್ಷೇತ್ರಕಾರ್ಯದ ಮಾದರಿ. ಸಾಂಗಲಿ, ಮಿರಜ, ಕುಪವಾಡ ಸೇರಿದ ಮಹಾನಗರಪಾಲಿಕೆಯ ಬಗ್ಗೆ ಜನ ಏನೆನ್ನುತ್ತಾರೆ ಎಂದು ಮೇಡಂ ಎರಡು ವರ್ಷದ ಹಿಂದೆ ಒಂದು ಓಣಿಯಲ್ಲಿ ಮನೆಮನೆಗೆ ಹೋಗಿ ತುಂಬಿಸಿದ ಮರಾಠಿ ಫಾರ್ಮುಗಳು. ಹೆಸರಿಲ್ಲ, ಮನೆಯ ವರ್ಣನೆ ಅಷ್ಟೆ. ವಿದ್ಯಾರ್ಥಿಗಳಿಗೆ ಮೊದಲ ವರ್ಷವಿಡೀ ಇದೇ ಪದ್ಧತಿಯ ತರಬೇತಿ. ಎಲ್ಲ ಫಾರ್ಮುಗಳಲ್ಲೂ ನೀರು ಸರಿ, ಗಟಾರು ಸರಿ, ತಕರಾರಿನ ಕಾಲಮಿನಲ್ಲಿ "ಕಾಹಿ ನಾಹಿ", ಏನೂ ಇಲ್ಲ. ಇಷ್ಟು ಸುಖಿ ಓಣಿ ನಮ್ಮ ಊರಲ್ಲಿ ಎಲ್ಲಿದೆ ಎಂದು ಓದುತ್ತ ಹೋದೆ.

ಒಂದು ಫಾರ್ಮಿನಲ್ಲಿ ಹೀಗಿತ್ತು: ವಯಸ್ಸಾದ ಹೆಂಗಸು. ಬಾಗಿಲ ಬಳಿ ಹೊಲಿಗೆ ಮಶೀನು, ಅದರ ಮೇಲೆ ತುಳಸಿ ಕುಂಡ.

ಹೊಲಿಗೆ ಮಶೀನಿನ ಮೇಲೆ ತುಳಸಿ ಇಟ್ಟವಳು ನಮ್ಮ ಓಣಿಯಲ್ಲಿ ಒಬ್ಬಳೇ. ಕಣ್ಣು ಕೈಕೊಟ್ಟ ಮೇಲೆ, "ಖಾಲಿ ಯಾಕ ಕುಂದ್ರಬೇಕ ಅದು" ಎಂದು ಅವ್ವ ಅದನ್ನು ಅಲ್ಲಿಟ್ಟಿದ್ದಳು.

ನೀರು? ವೇಳೆಗೆ ಸರಿಯಾಗಿ ಬರುತ್ತದೆ. ತಕರಾರು? ಕಾಹಿ ನಾಹಿ.

ದಿನ ಬಿಟ್ಟು ದಿನ ಬರುವ ಸಣ್ಣ ಧಾರೆಯ ನಳದ ಮುಂದೆ ಕೂತು ಇದೇ ಅವ್ವ ಪಾಲಿಕೆಯನ್ನು ಬೈಯುತ್ತಿದ್ದಳು. ಸಾಂಗಲಿಗೊಂದು, ಮಿರಜಕ್ಕೊಂದು, ಕುಪವಾಡಕ್ಕೊಂದು ಬೈಗುಳ ಬೇರೆ ಬೇರೆ. ಆದರೆ ಅದೆಲ್ಲ ಕನ್ನಡದಲ್ಲಿ. ಅವಳು ಗಡಿ ಹಳ್ಳಿಯ ಕುರಿ ಕಾಯುವ ಮನೆಯಿಂದ ಬಂದವಳು. ಕಾಗದ ಹಿಡಿದು ಬಂದವರ ಜೊತೆ ಮರಾಠಿಯೇ ಆಡಬೇಕು ಎಂಬುದು ಅವಳ ನೇಮ. ಮರಾಠಿ ಅವಳಿಗೆ ಟ್ರಂಕಿನಲ್ಲಿಟ್ಟ ಸೀರೆ ಇದ್ದಂತೆ. ಬಂದವರ ಮುಂದೆ ಉಡುವುದು, ಕೊಳೆ ತಾಗಿಸದೆ ಮಡಚಿಡುವುದು. ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಹೀಗೆಯೇ.

ಹಗಲಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆಯೂ ಇತ್ತು. ಅದೊಂದಕ್ಕೆ ಮಾತ್ರ ಅವ್ವ ಖರೆ ಉತ್ತರ ಕೊಟ್ಟಿದ್ದಳು: "ನಾನು ಮತ್ತು ಮಶೀನು."

ಮರುದಿನ ಫಾರ್ಮನ್ನು ಮೇಡಂ ಮುಂದಿಟ್ಟೆ. "ಇದು ನಮ್ಮ ಮನೀರಿ. ಇವರು ನಮ್ಮ ಅವ್ವ."

ಅವರು ಫಾರ್ಮನ್ನು ಹತ್ತಿರ ಎಳೆದುಕೊಂಡು ಓದಿದರು. "ನನಗ ನೆನಪೈತ್ರಿ. ಮೂರು ಸರ್ತಿ ಚಹಾ ಬೇಕೇನಂತ ಕೇಳಿದ್ರು. ಆದ್ರ ಮರಾಠಿ ಮಾತಾಡಿದ್ರಲ್ರಿ ಸರ್."

"ನೀವ ಯಾವದ್ರಾಗ ಮಾತಾಡಿದ್ರಿ?"

"ಮರಾಠಿನ. ಅವರಿಗೆ ಕನ್ನಡ ಬರತೈತಿ ಅಂತ ನನಗೇನ ಗೊತ್ರಿ?"

"ಅವ್ವಗೂ ಹಂಗ ಆಗಿರಬೇಕು."

ಮೇಡಂ ನಕ್ಕರು, ನಡುವೆಯೇ ನಿಲ್ಲಿಸಿದರು. "ಹಂಗಾರ ಈ ಕಟ್ಟ ಪೂರ್ತಿ ಸುಳ್ಳರಿ."

"ಸುಳ್ಳಲ್ರಿ. ಮರ್ಯಾದಿ."

"ವರದಿಯೊಳಗ ಅದನ್ನ ಬರೀರಿ ಸರ್."

"ಬರದ್ರ ನೀವ ಜತ್ತಕ್ಕ ಹೋಗ್ತೀರಿ."

"ಬರೀಲಿಲ್ಲಂದ್ರ ಹುಡುಗರಿಗೆ ಇದನ್ನ ಕಲಸ್ಕೋತ ಕುಂದರ್ತೀನಿ. ಅದರಕಿಂತ ಜತ್ತ ಛಲೋ. ಬಿಸಿಲಿಗೆ ನಿಮ್ಮದು ಒಂದು ಛತ್ರಿ ಕೊಡ್ರಿ, ಹೆಂಗೂ ನಿಮ್ಮ ಚೀಲದಾಗ ಎರಡಿರತಾವ."

ನಾನು ಎರಡು ವರದಿ ಬರೆದೆ. ಒಂದರಲ್ಲಿ ಫಾರ್ಮುಗಳ ಸುದ್ದಿಯೇ ಇಲ್ಲ. ಒಂದು ವಾರ ಎರಡನ್ನೂ ಚೀಲದಲ್ಲಿಟ್ಟುಕೊಂಡು ತಿರುಗಿದೆ, ತಪ್ಪಿದ್ದನ್ನು ಕೊಟ್ಟೇನೆಂದು ದಿನಕ್ಕೆ ಹತ್ತು ಸಲ ತೆಗೆದು ನೋಡಿದೆ. ಯಾವುದು ತಪ್ಪಿದ್ದು ಎಂಬುದೇ ತೀರ್ಮಾನವಾಗಿರಲಿಲ್ಲ. ಮಧ್ಯಾಹ್ನದ ಉಪ್ಪಿನಕಾಯಿ ಬಾಟಲಿ ನೋಡಿದಾಗ ಮೊದಲನೆಯದೇ ಸರಿ ಎನಿಸುತ್ತಿತ್ತು. ಆದರೆ ಸಹಿ ಹಾಕುವ ಹೊತ್ತಿಗೆ, ಅವ್ವನಿಗೆ ಯಾವ ತಕರಾರೂ ಇರಲಿಲ್ಲ ಎಂಬುದಕ್ಕೆ ನಾನೇ ಸಹಿ ಹಾಕುವುದು ಆಗಲಿಲ್ಲ. ಕೋರ್ಸು ಬೇಕು, ಆದರೆ ಸಮೀಕ್ಷೆಯನ್ನು ಮನೆಮಂದಿಯ ಮಾತಿನಲ್ಲಿ ಕೇಳಿ ಮತ್ತೆ ಮಾಡಬೇಕು ಎಂದು ಬರೆದು ಕೊಟ್ಟೆ. ಒಂದು ಫಾರ್ಮು ನನ್ನ ಮನೆಯದೇ ಎಂದೂ ಕೆಳಗೆ ಸೇರಿಸಿದೆ.

ಹಾಗಾದರೆ ಮುಂದಿನ ವರ್ಷ ನೋಡೋಣ ಎಂದಿತು ಸಂಸ್ಥೆ. ಮೇಡಂಗೆ ವರ್ಗದ ಆದೇಶ ಬಂತು.

ಹೋಗುವ ಮುಂಚಿನ ರವಿವಾರ ಅವರು ನಮ್ಮ ಮನೆಗೆ ಬಂದರು, ಕೈಯಲ್ಲಿ ಹೊಸ ಫಾರ್ಮುಗಳು. ಬಾಗಿಲಲ್ಲಿ ಮಶೀನಿನ ಮೇಲಿನ ತುಳಸಿ ನೋಡಿ ಸ್ವಲ್ಪ ನಿಂತರು. "ನಿಮ್ಮ ಮನಿಯಿಂದ ಸುರು ಮಾಡ್ತೀನ್ರಿ" ಎಂದು ಕೂತರು. ನಾನು ಚಹಾ ತಂದಿಟ್ಟೆ.

"ಹಗಲಾಗ ಮನ್ಯಾಗ ಯಾರಿರ್ತಾರ್ರಿ?"

"ಯಾರೂ ಇಲ್ರಿ. ಮಶೀನ ಇರತೈತಿ."

ಬರೆದುಕೊಂಡರು.

"ಏನರೆ ತಕರಾರು?"

"ಕಾಹಿ ನಾಹಿ" ಎಂದಿತು ನನ್ನ ಬಾಯಿ.

ಮೇಡಂ ಬರೆಯಲಿಲ್ಲ. ಪೆನ್ನನ್ನು ಫಾರ್ಮಿನ ಮೇಲೆ ಅಡ್ಡ ಇಟ್ಟು, ಚಹಾದ ಕಪ್ಪು ಎತ್ತಿಕೊಂಡು, ನನ್ನ ಮುಖ ನೋಡುತ್ತ ಕೂತರು. ನಾನು ನೀರಿನಿಂದ ಸುರು ಮಾಡಿದೆ.