ಕೂಸಪ್ಪಣ್ಣನ ಮಲಚ್ಚಿಲು ಹಾರಾಟ

ನನ್ನ ಅಣ್ಣ ಕೂಸಪ್ಪನ ಹಟ ನಿಮಗೆ ಗೊತ್ತಿಲ್ಲ ಮಾರಾಯ್ರೇ. ಗದ್ದೆ ಕೆಲಸದವನು. ಭತ್ತ ಬಡಿದು ಮುಗಿದ ಮೇಲೆ ಅಂಗಳದ ಬೈಹುಲ್ಲಿನ ರಾಶಿಗೆ ಓಡಿ ಬಂದು ಹಿಮ್ಮುಖವಾಗಿ ಹಾರಿ ಬೆನ್ನ ಮೇಲೆ ಬೀಳುವುದು, ಅದೇ ಮಲಚ್ಚಿಲು, ನಮ್ಮಲ್ಲಿ ಎಲ್ಲರ ಆಟ. ಇವನು ಮಾತ್ರ ನಡುವೆ ಒಂದು ಬಿದಿರು ಅಡ್ಡ ಕಟ್ಟಿ ಅದರ ಮೇಲಿಂದ ಹಾರುತ್ತಿದ್ದ.

ಮೂವತ್ತನಾಲ್ಕನೇ ಇಸವಿಯಲ್ಲಿ ಕಾಸರಗೋಡಿನಲ್ಲಿ ಎತ್ತರ ಹಾರುವ ಪಂದ್ಯ ಆಯಿತು. ಮರಳಿಗೆ ಬಿದ್ದರೆ ಬೆನ್ನು ಮುರಿಯುತ್ತದೆಂದು ಬೈಹುಲ್ಲು ಬೇಕೇ ಬೇಕೆಂದ. ಹೊತ್ತದ್ದು ಯಾರು? ನಾನು! ಉಳಿದವರೆಲ್ಲ ಕತ್ತರಿಯ ಹಾಗೆ ಕಾಲೆತ್ತಿ ಹಾರಿದರು. ಇವನು ಬೆನ್ನು ಕೆಳಗೆ ಮಾಡಿ ಐದಡಿ ದಾಟಿದ. ಅಂಪಾಯರು ಹರಿನಾಥ ಮಾಸ್ಟ್ರು ನಿಯಮದ ಪುಸ್ತಕ ತೆಗೆದು, "ಕಾಲಿಗಿಂತ ಮೊದಲು ತಲೆ ದಾಟಿತು. ಫೌಲ್" ಎಂದರು. ಜನ ಬಿದ್ದು ಬಿದ್ದು ನಕ್ಕರು. ಅಣ್ಣ ಮೂರು ದಿನ ಗಂಜಿ ಮುಟ್ಟಲಿಲ್ಲ.

ಹದಿನೇಳು ವರ್ಷ ಅದೇ ಪುರಾಣ ಕೇಳಿ ನನ್ನ ಕಿವಿ ತೂತಾಯಿತು. ಐವತ್ತೊಂದರಲ್ಲಿ ಮದ್ರಾಸಿನಲ್ಲಿ ತರಬೇತಿ ಮುಗಿಸಿ ಬಂದ ಡ್ರಿಲ್ ಮಾಸ್ಟ್ರು ಸುಕುಮಾರ ಹೇಳಿದ, "ಕೂಸಪ್ಪಣ್ಣಾ, ಹೊರದೇಶದವರು ಈಗ ಕತ್ತರಿ ಬಿಟ್ಟು ಕೋಲಿನ ಮೇಲೆ ಮಗ್ಗುಲಾಗಿ ಉರುಳುತ್ತಾರೆ, ಹೊಟ್ಟೆ ಕೆಳಗೆ ಮಾಡಿಯೂ ದಾಟುತ್ತಾರೆ. ತಲೆ ಮೊದಲು ಹೋಗಬಾರದೆಂಬ ನಿಯಮವೇ ಈಗ ಇಲ್ಲ. ಯುದ್ಧಕ್ಕೆ ಮೊದಲೇ ತೆಗೆದಿದ್ದಾರೆ."

ಅಣ್ಣ ಸೀದಾ ಹರಿನಾಥ ಮಾಸ್ಟ್ರ ಮನೆಗೆ ನಡೆದ. ಬೈಹುಲ್ಲು ಹೊತ್ತುಕೊಂಡು ಹಿಂದೆ ನಾನು, ನನ್ನ ಕರ್ಮ!

"ನನ್ನ ಹಾರಾಟ ಪಾಸು ಅಂತ ಹೇಳಿ ಮಾಸ್ಟ್ರೇ."

"ಇನ್ನೊಮ್ಮೆ ನೋಡದೆ ಹೇಗೆ ಹೇಳುವುದು? ನಾಲ್ಕಡಿ ಸಾಕು."

"ಐದಕ್ಕೆ ಒಂದಿಂಚು ಕಡಿಮೆಯಾದರೂ ಹಾರುವುದಿಲ್ಲ!"

ಅಂಗಳದಲ್ಲಿ ಗೂಟ ನೆಟ್ಟು ಐದಡಿಗೇ ಬಿದಿರು ಇಟ್ಟರು. ಮೂರೇ ಅವಕಾಶ. ಮೊದಲ ಸಲ ತಲೆ ಬಿದಿರಿಗೆ ಬಡಿಯಿತು. ಎರಡನೇ ಸಲ ಬಿದಿರಿನ ಮೇಲೆಯೇ ಕೂತ. ಮಾಸ್ಟ್ರ ಹೆಂಡತಿ ನಗು ತಡೆಯಲಾಗದೆ ಒಳಗೆ ಓಡಿದರು. ನಾನು ಚದುರಿದ ಬೈಹುಲ್ಲನ್ನು ಪುನಃ ರಾಶಿ ಮಾಡಿದೆ. ಮೂರನೆಯದೂ ತಪ್ಪಿದರೆ ಇವನು ಸಾಯುವವರೆಗೆ ತಲೆ ಎತ್ತಲಿಕ್ಕಿಲ್ಲ.

ಮೂರನೇ ಸಲ ಓಡಿದ. ಬಿದಿರು ಅಲುಗಿತು, ಬೀಳಲಿಲ್ಲ. ಅಣ್ಣ ಬೈಹುಲ್ಲಿನೊಳಗೆ ಪೂರ್ತಿ ಹುಗಿದುಹೋಗಿ, ಸೊಂಟ ಹಿಡಿದುಕೊಂಡು, ಒಳಗಿನಿಂದಲೇ ಕೂಗಿದ, "ಎಂತ ಆಯಿತು ಮಾಸ್ಟ್ರೇ?"

ಹರಿನಾಥ ಮಾಸ್ಟ್ರು ರಾಶಿಯ ಹತ್ತಿರ ಮಂಡಿಯೂರಿ ಕೂತರು.

"ಪಾಸು ಮಾರಾಯ. ಅವತ್ತೇ ಚಪ್ಪಾಳೆ ತಟ್ಟಬೇಕೆಂದು ಕೈ ಎತ್ತಿದ್ದೆ. ಪುಸ್ತಕಕ್ಕೆ ಹೆದರಿ ಇಳಿಸಿದೆ" ಎಂದು ಹೇಳಿ ಈಗ ಚಪ್ಪಾಳೆ ತಟ್ಟಿದರು.